ಕುದುರೆ ಕಾರಿಗೆ ಆ ಕಡೆಯವರ ಇಂಜಿನ್

ನಮ್ಮ ಮನೆಯಲ್ಲಿ ಒಂದು ಅಮೆರಿಕನ್ ಕಾರು ಕಂಪನಿಯ ಹೆಸರು ಎತ್ತುವಂತಿಲ್ಲ. ಎತ್ತಿದರೆ ನಮ್ಮನೆಯವರ ಮುಖ ಹಾಗಲಕಾಯಿ ಕಚ್ಚಿದಂತಾಗುತ್ತದೆ. ಇವರ ಕಾರಿನ ಮೂತಿಯ ಮೇಲೆ ಓಡುವ ಕುದುರೆಯ ಗುರುತಿದೆ. ಆ ಇನ್ನೊಂದು ಕಂಪನಿಯ ಕಾರುಗಳ ಮೇಲೆ ಕೋಟು ತೊಟ್ಟವರು ಕುತ್ತಿಗೆಗೆ ಕಟ್ಟಿಕೊಳ್ಳುವ ಬೋ ಟೈ ಆಕಾರದ ಗುರುತು. ಇವರ ಗುಂಪಿನಲ್ಲಿ "ಆ ಕಡೆಯವರು" ಅಂದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತು. ಇಷ್ಟು ವರ್ಷ ಕೇಳಿ ಕೇಳಿ ನನಗೂ ಅದೇ ರೂಢಿಯಾಗಿದೆ. ಹಾಗಾಗಿ ಇಲ್ಲಿಯೂ ಕುದುರೆಯವರು, ಟೈಯವರು ಎಂದೇ ಬರೆಯುತ್ತೇನೆ. ಹೆಸರು ಹಾಕಿ ಬರೆದರೆ ಮನೆಯಲ್ಲಿ ನನಗೇ ತೊಂದರೆ.

ನಾವು ಮೈಸೂರಿನವರು. ಮದುವೆಯಾದ ಹೊಸತರಲ್ಲೇ ಮಲೇಷ್ಯಾಕ್ಕೆ ಬಂದು, ಪುಚೊಂಗ್‌ನಲ್ಲಿ ಸಾಲುಮನೆಯೊಂದನ್ನು ಕೊಂಡು ಇಲ್ಲೇ ಉಳಿದೆವು. ಇವರು ಏರ್‌ಕಂಡಿಷನರ್ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್. ನಾನು ದಿನಾ ರೈಲಿನಲ್ಲಿ ಒಂದು ವಿಮಾ ಕಂಪನಿಯ ಆಫೀಸಿಗೆ ಹೋಗಿಬರುವವಳು. ಇಲ್ಲೇ ಹುಟ್ಟಿ ಬೆಳೆದ ಮಗಳೊಬ್ಬಳಿದ್ದಾಳೆ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಯ ಮುಂದೆ, ನಾನು ಬಟ್ಟೆ ಒಣಗಿಸಬೇಕಾಗಿದ್ದ ಪೋರ್ಚಿನಲ್ಲಿ, ಆ ಕಾರು. ನನ್ನ ಸೀರೆಗಳು ಇಪ್ಪತ್ತು ವರ್ಷದಿಂದ ಬಚ್ಚಲಮನೆಯ ಹಗ್ಗದ ಮೇಲೆ ಒಣಗುತ್ತಿವೆ.

ಇಂಥ ಕಾರುಗಳಿಗೆ ಮಸಲ್ ಕಾರ್ ಎನ್ನುತ್ತಾರೆ. ಸಾಧಾರಣ ಕಾರಿನ ಮೈಯೊಳಗೆ ಲಾರಿಗಾಗುವಷ್ಟು ದೊಡ್ಡ ಇಂಜಿನ್ ಕೂರಿಸಿದರೆ ಹೇಗಿರುತ್ತದೋ ಹಾಗೆ. ಅರ್ಧ ಶತಮಾನಕ್ಕೂ ಹಿಂದೆ ಅಮೆರಿಕದವರು ಮಾಡಿದ್ದು. ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಇವರಿಗೆ ಇದು ಸಿಕ್ಕಿದ್ದು ಇಪೋ ಎಂಬ ಊರಿನಲ್ಲಿ, ತವರದ ಗಣಿ ನಡೆಸುತ್ತಿದ್ದ ಮನೆತನವೊಂದರ ಹಿತ್ತಿಲ ಶೆಡ್ಡಿನಲ್ಲಿ. ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ನಾನು ಕೋಳಿಯನ್ನು ನೋಡಿದೆ, ಇವರು ಕುದುರೆಯನ್ನು ನೋಡಿದರು. ಇವರ ಕಣ್ಣಲ್ಲಿ ನೀರು ಬಂದಿತ್ತು. ನಮ್ಮ ಮದುವೆಯ ದಿನ ಬಂದಿರಲಿಲ್ಲ.

ಈ ಪ್ರೀತಿ ಎಲ್ಲಿಂದ ಬಂತು ಎಂದು ಕೇಳಿದ್ದೇನೆ. ಚಿಕ್ಕಂದಿನಲ್ಲಿ ಸೋದರಮಾವ ಒಬ್ಬರು ತಂದುಕೊಟ್ಟ ಬೆರಳುದ್ದದ ಆಟಿಕೆ ಕಾರಿನ ಮೇಲೆ ಆ ಕುದುರೆ ಇತ್ತಂತೆ. ಅಷ್ಟೇ. ಮೈಸೂರಿನಲ್ಲಿ ಬೆಳೆದ ಹುಡುಗ ನಿಜವಾದ ಕಾರನ್ನು ಚಿತ್ರದಲ್ಲಲ್ಲದೆ ಎಲ್ಲಿ ನೋಡಬೇಕು? ನೋಡುವ ಮೊದಲೇ ಪಕ್ಷ ಸೇರಿಯಾಗಿತ್ತು. ಆ ಕಡೆಯವರ ಕಾರನ್ನು ದ್ವೇಷಿಸುವುದಂತೂ ಅದನ್ನು ಚಿತ್ರದಲ್ಲಿ ನೋಡುವುದಕ್ಕೂ ಮೊದಲೇ ಶುರುವಾಗಿತ್ತು.

ಭಾನುವಾರ ಬೆಳಿಗ್ಗೆ ಪುಚೊಂಗ್‌ನ ಒಂದು ಮಾಮಕ್ ಹೋಟೆಲಿನ ಪಕ್ಕದ ಬಯಲಿನಲ್ಲಿ ಇವರೆಲ್ಲ ಸೇರುತ್ತಾರೆ. ಮಾಮಕ್ ಅಂದರೆ ಇಲ್ಲಿನ ತಮಿಳು ಮುಸ್ಲಿಮರು ನಡೆಸುವ, ಹಗಲೂ ರಾತ್ರಿ ತೆರೆದಿರುವ ರೊಟ್ಟಿ-ಚಹಾದಂಗಡಿ. ಮಲಯರು, ಚೀನೀಯರು, ತಮಿಳರು, ನಮ್ಮವರು, ಎಲ್ಲ ಸೇರಿದರೂ ಕಾರುಗಳು ಬೆರಳೆಣಿಕೆಯಷ್ಟು. ಅಷ್ಟಕ್ಕೇ ಎರಡು ಪಂಗಡ. ಕುದುರೆಯವರು ಫ್ಯಾನಿನ ಕೆಳಗಿನ ಮೇಜುಗಳಲ್ಲಿ, ಟೈಯವರು ರಸ್ತೆ ಬದಿಯ ಮೇಜುಗಳಲ್ಲಿ. ಬಂದ ಕೂಡಲೇ ಎಲ್ಲರೂ ಬಾನೆಟ್ ಎತ್ತಿ ನಿಲ್ಲಿಸಬೇಕು, ಅದು ಅಲ್ಲಿನ ಕಟ್ಟಳೆ. ಒಳಗಿರುವುದು ನನ್ನದೇ ಕಂಪನಿಯ ಇಂಜಿನ್, ಯಾರು ಬೇಕಾದರೂ ನೋಡಬಹುದು ಎಂದು ಅದರ ಅರ್ಥ. ಯಾರದಾದರೂ ಕಾರು ಕೆಟ್ಟು ಆ ಕಡೆಯವರ ಕಾರಿನಲ್ಲಿ ಮನೆಗೆ ಹೋಗಬೇಕಾಗಿ ಬಂದರೆ ಸೀಟಿನ ಮೇಲೆ ಪೇಪರ್ ಹಾಸಿಕೊಂಡು ಕೂರುತ್ತಾರೆ. ಬಟ್ಟೆಗೆ ಸೀಟು ತಾಗಬಾರದು! ಐವತ್ತು ದಾಟಿದ, ತಲೆ ನರೆತ ಗಂಡಸರು ಹೀಗೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ತಲೆ ಚಚ್ಚಿಕೊಂಡೆ, ಆಮೇಲೆ ಸುಮ್ಮನಾದೆ.

ಡಾಕ್ಟರೊಬ್ಬರು ನಮಗೆ ಪರಿಚಯವಾದದ್ದು ಅಲ್ಲೇ. ಒಂದು ಭಾನುವಾರ ಅದುವರೆಗೆ ನೋಡಿರದ ಕೆಂಪು ಕಾರೊಂದು ಟೈಯವರ ಸಾಲಿನಲ್ಲಿ ಬಂದು ನಿಂತಿತು. ಇಲ್ಲಿ ಯಾರಿಗೆ ಗೊತ್ತಾಗಬೇಕು ಎಂಬ ಧೈರ್ಯದಲ್ಲಿ ಇವರು ನನಗೆ ಕನ್ನಡದಲ್ಲಿ, ಸಾಕಷ್ಟು ಜೋರಾಗಿಯೇ, "ನೋಡೇ, ಎಣ್ಣೆ ಡಬ್ಬಕ್ಕೆ ಬಣ್ಣ ಬಳಿದಿದ್ದಾನೆ" ಅಂದರು. ಕೆಂಪು ಕಾರಿನ ಆಸಾಮಿ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. "ಡಬ್ಬಿ ನಂದೇನೋ ಖರೆ ರೀ ಸಾಹೇಬ್ರ. ಆದ್ರ ನಿಮ್ಮ ಕುದುರಿ ಹುಲ್ಲು ಎಷ್ಟು ತಿಂತೈತಿ ಅದನ್ನ ಹೇಳ್ರಲಾ" ಎಂದರು. ಹುಬ್ಬಳ್ಳಿ ಕಡೆಯ ಮುಸ್ಲಿಂ ಮನೆತನದವರು, ಕಣ್ಣಿನ ಡಾಕ್ಟರು, ನಿಲಾಯ್‌ನಲ್ಲಿ ಸ್ವಂತ ಕ್ಲಿನಿಕ್. ಇವರು ನಾಚಿಕೆಯಿಂದ ಕೆಂಪಗಾದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಅವತ್ತಿನಿಂದ ಶುರುವಾದ ಜಗಳ ಈವರೆಗೂ ನಿಂತಿಲ್ಲ. ಡಾಕ್ಟರ ಪ್ರೀತಿಗೂ ಇವರದ್ದರ ಹಾಗೇ ಬುಡವಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಟ್ರಂಕಿನ ಮುಚ್ಚಳದ ಒಳಗೆ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಅಂಟಿಸಿದ್ದರಂತೆ. ಅದು ಬೋ ಟೈ ಗುರುತಿನದು, ಮುಗಿಯಿತು. ಇಬ್ಬರೂ ನಮ್ಮ ಮನೆಯ ಊಟದ ಮೇಜಿನಲ್ಲಿ ಕೂತು, ತಾವು ಹುಟ್ಟದ ದೇಶದಲ್ಲಿ, ತಾವು ನೋಡದ ರೇಸಿನಲ್ಲಿ, ಯಾರ ಕಾರು ಯಾರ ಕಾರನ್ನು ಹಿಂದೆ ಹಾಕಿತು ಎಂದು ವಾದಿಸುತ್ತಾರೆ. ಸಾರು ಆರಿ ಹೋಗುತ್ತದೆ. ಕೂಗಾಟ ಕೇಳಿ ಪಕ್ಕದ ಮನೆಯ ತಮಿಳು ಅಕ್ಕ ಒಮ್ಮೆ ಆಸ್ತಿಯ ಜಗಳವೋ ಏನೋ ಎಂದು ಹೆದರಿ ವಿಚಾರಿಸಲು ಬಂದಿದ್ದರು.

ನಾನೇನು ಬೇರೆಯಲ್ಲ. ನಮ್ಮಮ್ಮ ಇಂಗಿನ ಡಬ್ಬಿ ಬೇರೆ ಕಂಪನಿಯದಾದರೆ ಆ ಸಾರನ್ನು ಮುಟ್ಟುತ್ತಿರಲಿಲ್ಲ. ನನಗೆ ಚಿಕೋರಿ ಬೆರೆಸಿದ ಒಂದೇ ಒಂದು ನಮೂನೆಯ ಕಾಫಿಪುಡಿ ಬೇಕು. ಅದಿಲ್ಲದಿದ್ದರೆ ನಮ್ಮ ಕಡೆಯ ಸಾಮಾನು ಸಿಗುವ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಮನೆಗೆ ಬಂದು ತಲೆನೋವು ಎಂದು ಮಲಗಿದ್ದುಂಟು. ಅಂಗಡಿಯವನು ಬೇರೆ ಪೊಟ್ಟಣ ತೋರಿಸಿ ಇದೂ ಅದೇ ರುಚಿ ಅಕ್ಕಾ ಅಂದರೆ ಸಿಟ್ಟು ಬರುತ್ತದೆ. ಬಹುಶಃ ಅದೇ ರುಚಿಯೇ ಇರಬಹುದು. ಊರು ಬಿಟ್ಟು ಬಂದವರಿಗೆ ಆಯ್ದುಕೊಳ್ಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಮನೆ ಬ್ಯಾಂಕಿನದು, ವೀಸಾ ಸರ್ಕಾರದ್ದು, ಮಗಳ ಮಾತು ಸ್ಕೂಲಿನದು. ಇದು ಮಾತ್ರ ನನ್ನದು, ಇದನ್ನು ಬಿಡುವುದಿಲ್ಲ ಎನ್ನುವುದಕ್ಕೆ ಮನುಷ್ಯನಿಗೆ ಏನಾದರೊಂದು ಬೇಕು. ಅದು ಕಾಫಿಪುಡಿಯಾದರೆ ಗಂಡನಿಗೆ ಸುಖ, ಕಾರಾದರೆ ಹೆಂಡತಿಗೆ ಕಷ್ಟ. ಇಷ್ಟೆಲ್ಲ ತಿಳಿದೂ ಆ ಕಾರಿನ ಇಂಜಿನ್ ಒಡೆದ ವರ್ಷ ನನಗೆ ಬಂದಷ್ಟು ಕೋಪ ಜೀವಮಾನದಲ್ಲಿ ಬಂದಿಲ್ಲ.

ಒಂದು ಭಾನುವಾರ ಗುಂಪಿನವರೆಲ್ಲ ನಿಲಾಯ್ ಕಡೆ ಹೋಗಿ ವಾಪಸ್ ಬರುತ್ತಿದ್ದರು. ಮಗಳ ಕಾಲೇಜಿನಲ್ಲಿ ಏನೋ ಕಾರ್ಯಕ್ರಮವಿದ್ದುದರಿಂದ ನಾನು ಹೋಗಿರಲಿಲ್ಲ. ಹೈವೇಯಲ್ಲಿ ಇವರ ಕಾರಿನ ನೀರಿನ ಪೈಪು ಒಡೆದು ಇಂಜಿನ್ ಕಾಯತೊಡಗಿತು. ಹಿಂದೆಯೇ ಬರುತ್ತಿದ್ದ ಡಾಕ್ಟರು ಹೆಡ್‌ಲೈಟ್ ಮಿಣುಕಿಸಿದರು, ಹಾರ್ನ್ ಹೊಡೆದರು. ಇವರು ನಿಲ್ಲಿಸಲಿಲ್ಲ. ಬಾನೆಟ್ಟಿನಿಂದ ಬಿಳಿ ಹಬೆ ಎದ್ದು, ದಡಾರ್ ಎಂದು ಸದ್ದಾಗಿ ಕಾರು ತಾನೇ ನಿಂತಾಗಲೇ ನಿಲ್ಲಿಸಿದ್ದು. ಇಂಜಿನ್ನಿನ ಎರಕದ ಮೈಯೇ ಸೀಳಿಹೋಗಿತ್ತು. ವರ್ಕ್‌ಶಾಪಿನ ಚೀನೀ ಮೇಸ್ತ್ರಿ ನೋಡಿ ತಲೆಯಾಡಿಸಿಬಿಟ್ಟ. ಬೆಸುಗೆ ಹಾಕಿದರೂ ನಿಲ್ಲುವುದಿಲ್ಲ, ಬೇರೆ ಇಂಜಿನ್ನೇ ಬೇಕು ಎಂದ.

ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದವರಿಗೆಲ್ಲ ಇವರದು ಒಂದೇ ಉತ್ತರ. ಆ ಕಡೆಯವರ ಎದುರು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲುವುದುಂಟೇ, ಹೇಗೋ ಮನೆ ಮುಟ್ಟಿಸೋಣ ಅಂದುಕೊಂಡೆ ಎಂದು. ಗುಂಪಿನವರು ಬಿದ್ದು ಬಿದ್ದು ನಕ್ಕರು, ಬೆನ್ನು ತಟ್ಟಿದರು. ಎಂಥ ನಿಷ್ಠೆ! ನಾನೂ ನಂಬಿದೆ. ನಂಬದೇ ಇರಲು ಕಾರಣವೇ ಇರಲಿಲ್ಲ, ಅಷ್ಟು ಇವರ ಸ್ವಭಾವಕ್ಕೆ ಹೊಂದುವ ಮಾತು. ಕಾರಿನ ಮೇಲಿನ ಹುಚ್ಚು ಕಾರನ್ನೇ ತಿಂದಿತು ಎಂದು ಎರಡು ದಿನ ಚುಚ್ಚಿ ಚುಚ್ಚಿ ಆಡಿಕೊಂಡೆ.

ಮೂರನೆಯ ದಿನ ಆಫೀಸಿಗೆ ಡಾಕ್ಟರ ಫೋನ್ ಬಂತು. ಕಾರು ನಿಂತಾಗ ಅವರು ಓಡಿಬಂದು ಒಳಗೆ ಇಣುಕಿದ್ದರಂತೆ. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯನ್ನೂ ದಾಟಿ ಕೊನೆಗೆ ಹೋಗಿ ಕೂತಿತ್ತಂತೆ. "ಅಕ್ಕಾರ, ಸೊಕ್ಕು ಐತಿ ಅವರಿಗೆ, ಇಲ್ಲ ಅನ್ನಂಗಿಲ್ಲ," ಅಂದರು. "ಆದ್ರ ಸೊಕ್ಕಿಗೆ ಯಾರೂ ತಮ್ಮ ಇಂಜಿನ್ ಕೊಲ್ಲಂಗಿಲ್ರಿ. ಅವರಿಗೆ ಮುಳ್ಳು ಕಾಣಿಸಿಲ್ಲ. ನಾಳೆನ ಕರ್ಕೊಂಡು ಬರ್ರಿ."  ಫೋನು ಇಟ್ಟು ಮರುದಿನಕ್ಕೆ ರಜೆ ಬರೆದುಕೊಟ್ಟೆ.

ಕ್ಲಿನಿಕ್ಕಿನಲ್ಲಿ ಇವರನ್ನು ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಒಳಗೆ ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಪರದೆಯ ಈಚೆ ನಿಂತಿದ್ದೆ. ಟಿಕ್, ಟಿಕ್ ಎಂದು ಕೇಳುತ್ತಿತ್ತು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಮತ್ತೆ ಒಂದು ಟಿಕ್. ಮತ್ತೆ ಏನೂ ಇಲ್ಲ. ಒತ್ತಿರಿ, ದಯವಿಟ್ಟು ಒತ್ತಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ ನರವನ್ನು ಮೆಲ್ಲಗೆ ತಿನ್ನುವ ರೋಗ. ನೋವಿಲ್ಲ, ಉರಿಯಿಲ್ಲ. ಇವರಿಗೆ ಎದುರಿನದು ಕಾಣುತ್ತಿತ್ತು, ಕೆಳಗಿನದು ಮತ್ತು ಪಕ್ಕದ್ದು ಹೋಗುತ್ತಾ ಬಂದಿತ್ತು. ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಔಷಧದ ಹನಿಗಳಿಂದ ಎಷ್ಟು ದಿನ ಉಳಿಸಿಕೊಳ್ಳಬಹುದೋ ಅಷ್ಟು. ಕಾರು ಓಡಿಸುವ ವಿಷಯ ಕೇಳಿದ್ದು ಇವರೇ, ಮೊದಲ ಪ್ರಶ್ನೆಯೇ ಅದು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. ಬೇರೆ ಊರಿಗೆ, ಗೊತ್ತಿಲ್ಲದ ದಾರಿಯಲ್ಲಿ, ಕತ್ತಲಲ್ಲಿ ಬೇಡವೇ ಬೇಡ; ಹಗಲಲ್ಲಿ, ಗೊತ್ತಿರುವ ದಾರಿಯಲ್ಲಿ, ಪಕ್ಕದಲ್ಲಿ ಯಾರಾದರೂ ಇದ್ದರೆ ಸದ್ಯಕ್ಕೆ ಆದೀತು; ಮುಂದಿನ ವರ್ಷದ ಮಾತು ಮಾತ್ರ ಕೊಡಲಾರೆ ಎಂದರು. ಇವರು ಆಗಲಿ ಎಂದರು. ಈಚೆಗೆ ಸ್ವಲ್ಪ ಮಬ್ಬಿತ್ತು, ಕನ್ನಡಕ ಬದಲಾಯಿಸಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ ಎಂದು ಸೇರಿಸಿದರು.

ಕಾರು ಓಡಿಸಬಹುದಾದ ದಿನಗಳು ಇಷ್ಟೇ ಎಂದು ಗೊತ್ತಾಯಿತು, ಓಡಿಸುವ ಕಾರಿಗೆ ಇಂಜಿನ್ ಇಲ್ಲ. ಇದೇ ಸಂಕಟ. ಮರುವಾರವೇ ಡಾಕ್ಟರು ಮನೆಗೆ ಬಂದರು. ಅವರ ಶೆಡ್ಡಿನಲ್ಲಿ ಒಂದು ಹೆಚ್ಚುವರಿ ಇಂಜಿನ್ನಿತ್ತು, ಟೈ ಕಂಪನಿಯದು, ಚೆನ್ನಾಗಿ ಓಡುವಂಥದ್ದು. ಅಳತೆಯಲ್ಲಿ ಕುದುರೆ ಕಾರಿನೊಳಗೆ ಕೂರುತ್ತದೆ, ಮೇಸ್ತ್ರಿಯನ್ನೂ ಕೇಳಿದ್ದೇನೆ, ಕೆಲವೇ ವಾರಗಳ ಕೆಲಸ, ಹಾಕಿಸಿಕೊಳ್ಳಿ ಎಂದರು. ಅಮೆರಿಕದಲ್ಲಿಯೂ ಕೆಲವರು ಹೀಗೆ ಮಾಡುತ್ತಾರಂತೆ, ಮಾಡಿ ಎರಡೂ ಕಡೆಯವರಿಂದ ಬೈಸಿಕೊಳ್ಳುತ್ತಾರಂತೆ. ಹಾಕಿಸಿಕೊಂಡರೆ ಭಾನುವಾರದ ಬಯಲಿನಲ್ಲಿ ಇವರು ಬಾನೆಟ್ ಎತ್ತುವಂತಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. 

ಇವರು ಡಾಕ್ಟರಿಗೆ ಇನ್ನೊಂದು ಹೋಳಿಗೆ ಬಡಿಸು ಎಂದು ನನಗೆ ಹೇಳಿದರು. ಆಮೇಲೆ, ಬೇಡ ಎಂದರು. ಅಮೆರಿಕದ ಒಬ್ಬ ಗುಜರಿ ವ್ಯಾಪಾರಿಗೆ ಬರೆದಿದ್ದೇನೆ, ಕುದುರೆ ಇಂಜಿನ್ನೇ, ಅದೇ ಕಾಲದ್ದೇ, ಹಡಗಿನಲ್ಲಿ ಬರುತ್ತದೆ ಎಂದರು.

ಡಾಕ್ಟರು ಹೋದಮೇಲೆ ನಾನು ಬಾಯಿ ತೆರೆದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಹಡಗಂತೆ ಹಡಗು, ಅದು ಬರುವ ಹೊತ್ತಿಗೆ ನೋಡಲು ಕಣ್ಣಿರಬೇಕಲ್ಲ ಎಂದು ಅಂದದ್ದು ನೆನಪಿದೆ. ಇಂಜಿನ್ನಿಗೆ ಜಾತಿ ನೋಡುವವರನ್ನು ನಾನು ನೋಡೇ ಇಲ್ಲ ಎಂದೆ. ಕಾಲಿಗೆ ಬೀಳುತ್ತೇನೆ ಎಂದೂ ಅಂದೆ.  ಮಗಳು ಕೋಣೆಯಿಂದ ಹೊರಬಂದು, "ಅಪ್ಪಾ, ಇಟ್ಸ್ ಜಸ್ಟ್ ಎನ್ ಎಂಜಿನ್ ಲಾ" ಅಂದಳು, ಇಲ್ಲಿನವರ ಹಾಗೆ ಕೊನೆಗೊಂದು ಲಾ ಸೇರಿಸಿ. ಇವರು ಅವಳ ತಲೆ ಸವರಲು ಕೈಯೆತ್ತಿದರು. ಅವಳೇ ಬಗ್ಗಿ ತಲೆ ಕೊಟ್ಟಳು.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ. ನಾನು ದಿನಾ ಬೆಳಿಗ್ಗೆ ಇವರ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದೆ, ಇವರು ದಿನಾ ಸಂಜೆ ಹಡಗಿನ ಸುದ್ದಿ ಹೇಳುತ್ತಿದ್ದರು. ಇಂಜಿನ್ ಸಿಕ್ಕಿತು. ಇಂಜಿನ್ ಬಂದರಿಗೆ ಹೋಯಿತು. ಕಂಟೇನರ್ ತುಂಬುವವರೆಗೆ ಕಾಯಬೇಕಂತೆ. ಹಡಗು ಹೊರಟಿತು, ಮತ್ತೆ ಯಾವುದೋ ಬಂದರಿನಲ್ಲಿ ನಿಂತಿತು. ಅಷ್ಟರಲ್ಲಿ ಇವರು ಚಟ್ನಿಯ ಬಟ್ಟಲನ್ನು ಹುಡುಕತೊಡಗಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಕ್ಲಿನಿಕ್ಕಿಗೆ ಹೋದಾಗಲೆಲ್ಲ ಆ ಯಂತ್ರದ ಟಿಕ್ ಟಿಕ್ ಇನ್ನಷ್ಟು ಕಡಿಮೆ. ಶಸ್ತ್ರಚಿಕಿತ್ಸೆಯೂ ಆಯಿತು, ಒಂದು ಕಣ್ಣು ಸ್ವಲ್ಪ ತಡೆಯಿತು, ಇನ್ನೊಂದು ತಡೆಯಲಿಲ್ಲ. ನಾನು ಎರಡು ಸಲ ಯಾರಿಗೂ ಹೇಳದೆ ಡಾಕ್ಟರಿಗೆ ಫೋನು ಮಾಡಿ, ಇವರು ಏನಾದರೂ ಅನ್ನಲಿ, ನೀವು ಆ ಇಂಜಿನ್ ಕಳಿಸಿಬಿಡಿ ಎಂದೆ. ಡಾಕ್ಟರು, ಇಂಜಿನ್ ಇಲ್ಲೇ ಐತ್ರಿ ಅಕ್ಕಾರ, ಅವರ ಬಾಯಿಂದ ಹೂಂ ಅನ್ನಿಸ್ರಿ, ಅವತ್ತೇ ಕಳಸ್ತೀನಿ ಎಂದರು. ಹೂಂ ಅನ್ನಿಸಲು ನನ್ನಿಂದಾಗಲಿಲ್ಲ. ಅಷ್ಟು ದಿನದ ಸಂಸಾರದಲ್ಲಿ ನಾನು ಸೋತ ದೊಡ್ಡ ಜಗಳ ಇದೇ.

ಕೊನೆಗೂ ಇಂಜಿನ್ ಕ್ಲಾಂಗ್ ಬಂದರಿಗೆ ಬಂತು. ಮೇಸ್ತ್ರಿ ಅದನ್ನು ಕೂರಿಸಿದ. ವರ್ಕ್‌ಶಾಪಿನಿಂದ ಟ್ರಕ್ಕಿನ ಮೇಲೆ ತಂದು ಪೋರ್ಚಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿದಾಗ ಒಳಗೆ ನನ್ನ ಲೋಟಗಳು ಕಿಣಿಕಿಣಿ ಅಂದವು. ಇವರು ಬಾನೆಟ್ ಎತ್ತಿ, ಬಗ್ಗಿ, ಇಂಜಿನ್ನಿನ ಮೇಲೆ ಅಂಗೈಯಿಟ್ಟು ನಿಂತೇ ನಿಂತರು. ಅಚ್ಚಿನ ಅಕ್ಷರಗಳನ್ನು ಬೆರಳಿನಲ್ಲಿ ತಡವಿ ಓದುತ್ತಿದ್ದರು.

ಅದರ ಮರುದಿನ ಕ್ಲಿನಿಕ್ಕಿಗೆ ಹೋದೆವು. ಪರೀಕ್ಷೆ ಮುಗಿಸಿ ಡಾಕ್ಟರು ದೀಪ ಹಾಕಿದರು, ತಮ್ಮ ಸ್ಟೂಲನ್ನು ಇವರ ಹತ್ತಿರಕ್ಕೆ ಎಳೆದುಕೊಂಡರು. "ಇಲ್ರಿ," ಅಂದರು. "ಇನ್ ಮ್ಯಾಲೆ ಯಾವ ಗಾಡಿನೂ ಬ್ಯಾಡ್ರಿ. ಹಗಲೊತ್ನ್ಯಾಗೂ ಬ್ಯಾಡ." ಇವರು ಸರಿ ಎಂದರು. ಎದ್ದು, ಕುರ್ಚಿಯ ಬೆನ್ನು ಹಿಡಿದು, ನನ್ನ ಕೈ ಹುಡುಕಿ, ಹೊರಟರು. ಮನೆಗೆ ಬಂದು ಕಾರಿನ ಮೇಲೆ ಹೊದಿಕೆ ಎಳೆದವರು ಮತ್ತೆ ತೆಗೆಯಲಿಲ್ಲ. ನನಗೆ ಸಮಾಧಾನ ಹೇಳುವ ಮನಸ್ಸಿತ್ತು. ಹೇಳಲಿಲ್ಲ. ಬಾಯಿ ತೆರೆದರೆ ಬರುವುದು ಸಮಾಧಾನವಲ್ಲ, ನಾನು ಹೇಳಿರಲಿಲ್ಲವಾ ಎಂಬ ಮಾತೇ ಎಂದು ಗೊತ್ತಿದ್ದುದರಿಂದ ತುಟಿ ಕಚ್ಚಿಕೊಂಡಿದ್ದೆ.

ಕೆಲವು ಭಾನುವಾರಗಳು ಹಾಗೇ ಹೋದವು. ಮತ್ತೊಂದು ಭಾನುವಾರ ಬೆಳಿಗ್ಗೆ ಡಾಕ್ಟರು ಬಂದರು, ತಮ್ಮ ಕೆಂಪು ಕಾರಿನಲ್ಲಲ್ಲ, ಬಾಡಿಗೆ ಕಾರಿನಲ್ಲಿ. ಒಳಗೂ ಬರದೆ ಪೋರ್ಚಿನಲ್ಲೇ ನಿಂತು ಹೊದಿಕೆಯನ್ನು ಸರಸರ ಮಡಚತೊಡಗಿದರು. ಕೀಲಿ ಕೊಡ್ರಿ ಎಂದರು. ಇವರು ಅಲ್ಲಾಡದೆ ನಿಂತಿದ್ದರು. ಆ ಕಡೆಯವನೊಬ್ಬ ಕುದುರೆ ಕಾರಿನ ಸ್ಟೇರಿಂಗ್ ಹಿಡಿಯುವುದು ಈ ಊರಿನಲ್ಲಿ ಯಾರೂ ಕಂಡು ಕೇಳಿದ್ದಲ್ಲ. ನಾನೇ ಒಳಗೆ ಹೋಗಿ ದೇವರ ಮನೆಯ ಮೊಳೆಗೆ ನೇತುಹಾಕಿದ್ದ ಕೀಲಿ ತಂದುಕೊಟ್ಟೆ.

ಅಮೆರಿಕದ ಕಾರಾದ್ದರಿಂದ ಅದರ ಸ್ಟೇರಿಂಗ್ ಎಡಗಡೆ. ಡಾಕ್ಟರು ಅಲ್ಲಿ ಕೂತರು. ಇವರು ಕೂತದ್ದು ಬಲಗಡೆ, ಮಲೇಷ್ಯಾದ ಎಲ್ಲ ಕಾರುಗಳಲ್ಲಿ ಓಡಿಸುವವರು ಕೂರುವ ಜಾಗದಲ್ಲಿ. ನಾನು ಹಿಂದೆ. ಪೋರ್ಟ್ ಡಿಕ್ಸನ್ನಿನ ಸಮುದ್ರದ ಕಡೆ ಹೊರಟೆವು. ಸಿಗ್ನಲ್ ಒಂದರಲ್ಲಿ ನಿಂತಾಗ ಪಕ್ಕದ ಕಾರಿನಿಂದ ಒಬ್ಬ ಮಲಯ ಅಜ್ಜ ಗಾಜು ಇಳಿಸಿ, ಇವರೇ ಓಡಿಸುತ್ತಿದ್ದಾರೆಂದುಕೊಂಡು, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಹೊಗಳಿದ. ಇವರು ದನಿ ಬಂದ ಕಡೆ ತಿರುಗಿ ಕೈ ಎತ್ತಿದರು. ದಾರಿಯುದ್ದಕ್ಕೂ ಇವರು ಇಂಜಿನ್ನಿನ ಸದ್ದು ಕೇಳುತ್ತಾ ಗೇರು ಯಾವಾಗ ಬದಲಾಯಿಸಬೇಕೆಂದು ಹೇಳಿದರು, ಡಾಕ್ಟರು ಹೇಳಿದಂತೆ ಕೇಳಿದರು. ಒಮ್ಮೆಯೂ ಅಣಕಿಸಲಿಲ್ಲ. 

ಸಮುದ್ರದ ದಂಡೆಯಲ್ಲಿ ಗಾಳಿಮರಗಳ ಕೆಳಗೆ ಕಾರು ನಿಲ್ಲಿಸಿ, ಗಾಡಿಯಂಗಡಿಯಿಂದ ಚಹಾ ತಂದು ಕುಡಿಯುತ್ತಾ ಕೂತೆವು. ಇವರು ಕೇಳಿದರು.

"ಡಾಕ್ಟ್ರೇ, ನಿಮ್ಮ ಇಂಜಿನ್ ಹಾಕಿಸ್ಕೊಂಡಿದ್ದಿದ್ರೆ ಇಲ್ಲಿಗೆ ನಾನೇ ಓಡಿಸ್ಕೊಂಡು ಬರ್ತಿದ್ದೆ. ಅಲ್ವಾ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಹೌದ್ರಿ. ಒಂದಷ್ಟು ತಿಂಗಳು ಓಡಿಸ್ತಿದ್ರಿ," ಎಂದರು.  "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಡಾಕ್ಟರ್ ಆಗಿ ನಾ ಇಂಜಿನ್ ಕೊಡ್ತೀನಿ ಅಂದಿದ್ದು ಖರೆ. ಕೊಡ್ತಿದ್ದೆ ಕೂಡ. ಆದ್ರ ಮನಸ್ಸಿನ್ಯಾಗ, ಇಂವ ಬ್ಯಾಡ ಅನ್ನಲಿ ಅಂತ ದುವಾ ಮಾಡಿದ್ನಿ. ನೀವು ಹೂಂ ಅಂದಿದ್ರ ಆಮ್ಯಾಲೆ ನಾ ಯಾರ ಕೂಡ ಜಗಳಾಡ್ಲಿ?"

ಇವರು ನಕ್ಕರು. ಕ್ಲಿನಿಕ್ಕಿಗೆ ಹೋದ ಮೊದಲ ದಿನದಿಂದ ಹೀಗೆ ನಕ್ಕಿರಲಿಲ್ಲ. ಡಾಕ್ಟರೂ ನಕ್ಕರು. ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಲೋಟದ ಚಹಾ ಚೆಲ್ಲುವಷ್ಟು ನಕ್ಕರು.

ನನ್ನ ಮೈ ಉರಿದುಹೋಯಿತು. ಕಾಲು ಹಿಡಿಯುತ್ತೇನೆಂದು ನಾನು ಬೇಡಿಕೊಂಡಿದ್ದು, ಕದ್ದು ಫೋನು ಮಾಡಿದ್ದು, ಹನಿ ಹಾಕುವಾಗ ದಿನಾ ದೇವರನ್ನು ನೆನೆದದ್ದು, ಎಲ್ಲ ಇವರಿಬ್ಬರ ಆಟದ ಹೊರಗೇ ಆಗಿಹೋಗಿತ್ತು. "ನೀವಿಬ್ರೂ ಸೇರ್ಕೊಂಡು ಕಣ್ಣು ಕಾಣ್ತಿದ್ದ ಒಂದು ವರ್ಷಾನೇ ನುಂಗಿಬಿಟ್ರಿ," ಅಂದೆ. "ಎರಡು ಗುರುತಿಗೋಸ್ಕರ. ತಗಡಿನ ಎರಡು ಗುರುತಿಗೋಸ್ಕರ."  ಡಾಕ್ಟರು ತಲೆ ತಗ್ಗಿಸಿದರು.

ಇವರು ನಗು ನಿಲ್ಲಿಸಿ ನಾನಿರುವ ಕಡೆ ಮುಖ ತಿರುಗಿಸಿದರು. "ಗುರುತಿಗೋಸ್ಕರ ಅಲ್ಲ ಕಣೇ," ಎಂದರು. "ಅವತ್ತು ಹೈವೇಲಿ ಇಂಜಿನ್ ಒಡೆಯೋದಕ್ಕೂ ಎಷ್ಟೋ ಮುಂಚೆಯಿಂದ ನನಗೆ ಸರಿಯಾಗಿ ಕಾಣ್ತಿರ್ಲಿಲ್ಲ. ನಿನಗೆ ಗೊತ್ತಾಗ್ಬಾರ್ದು ಅಂತ ತಡವ್ಕೊಂಡು ಮೆಟ್ಲು ಇಳೀತಿದ್ದೆ. ಪೇಪರ್ ಪೂರ್ತಿ ಓದಿದ ಹಾಗೆ ನಟಿಸ್ತಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾಗಿಹೋಗಿತ್ತು. ಅದರ ಮೇಲೆ ಬಾನೆಟ್ ಮುಚ್ಕೊಂಡು ಇನ್ನೊಂದು ಸುಳ್ಳಿನ ಜೊತೆ ಓಡಾಡು ಅಂದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

  ಒಂದೇ ಮಂಚದಲ್ಲಿ ಮಲಗಿ, ಒಂದೇ ಮೇಜಿನಲ್ಲಿ ಉಂಡು, ತನ್ನ ಕಣ್ಣು ಹೋಗುತ್ತಿರುವುದು ನನಗೆ ತಿಳಿಯದಂತೆ ಈ ಮನುಷ್ಯ ಒಬ್ಬನೇ ಅಷ್ಟು ದಿನ ಹೆದರಿಕೊಂಡು ಬದುಕಿದ್ದ ಎನ್ನುವುದು ಇಂಜಿನ್ನಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟಿತು. ಹೇಳಬಾರದಿತ್ತೇ? ನನಗೆ ಹೇಳಬಾರದಿತ್ತೇ? ಎದ್ದು ನೀರಿನ ತನಕ ಹೋಗಿ ನಿಂತು, ಅತ್ತು, ಮುಖ ತೊಳೆದುಕೊಂಡು ಬಂದೆ.

ವಾಪಸ್ ಹೊರಟಾಗ ನಾನು ಹಿಂದಿನ ಸೀಟಿನ ಎಡ ಮೂಲೆಯಲ್ಲಿ, ಡಾಕ್ಟರ ಬೆನ್ನ ಹಿಂದೆ, ಕಿಟಕಿಗೆ ಮುಖ ಮಾಡಿ ಕೂತೆ. ಕೋಪ ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ. ಸ್ವಲ್ಪ ದೂರ ಹೋದಮೇಲೆ ಇವರು ಮುಂದೆ ನೋಡುತ್ತಲೇ ಒಂದು ಕೈಯನ್ನು ಹಿಂದಕ್ಕೆ ಚಾಚಿದರು. ನಾನು ತಮ್ಮ ಹಿಂದೆಯೇ ಕೂತಿದ್ದೇನೆ ಅಂದುಕೊಂಡಿದ್ದರು. ಖಾಲಿ ಸೀಟಿನ ಮೇಲೆ ಆ ಕೈ ತಡವುತ್ತಾ, ನಿಲ್ಲುತ್ತಾ, ಮತ್ತೆ ತಡವುತ್ತಾ ಇತ್ತು. ಡಾಕ್ಟರು ಕನ್ನಡಿಯಲ್ಲಿ ನೋಡಿದರು. ಒಂದಷ್ಟು ದೂರ ಹೋಗುವ ತನಕ ನೋಡಿಕೊಂಡು ಕೂತಿದ್ದು, ಆಮೇಲೆ ನಾನೇ ಆ ಕೈ ಇದ್ದ ಕಡೆಗೆ ಸರಿದು ಕೂತೆ.